ಕವನದೊಳಗಿನ ಲಂಬು

ರೀ,

ಯುದ್ಧಭೂಮಿಯಿಂದ ನೀವು ಕಳಿಸಿದ ಕವನಗಳು ಪ್ರೆಸ್ಸಿಗೆ ತಲುಪಿದವು. ಅಚ್ಚುಮೊಳೆ ಜೋಡಿಸಿದವಳು ನಾನೇ. ಕರಡು ಓದಿದ ಪ್ರೆಸ್ಸಿನ ಯಜಮಾನರು, "ನೋಡಮ್ಮಾ, ನಿನ್ನ ಗಂಡ ಈಗ ಕವಿ ಆದ," ಅಂದರು. ಹಾಗಾದರೆ ನನ್ನ ಕಣ್ಣು, ನನ್ನ ನಡಿಗೆ ಅಂತ ಇಷ್ಟು ವರ್ಷ ಬರೆದಿರಲ್ಲ, ಅದೇನು?

ಅವರು ಹೇಳಿದ್ದು ಸುಳ್ಳೇನಲ್ಲ. ಮೊದಲು ಒಬ್ಬ ಚಂದ್ರನಿಗೆ ನಾಲ್ಕು ವಿಶೇಷಣ ಹಚ್ಚುತ್ತಿದ್ದಿರಿ, ಜೋಡಿಸಿ ಜೋಡಿಸಿ ನನ್ನ ಬೆರಳು ನೋಯುತ್ತಿತ್ತು. ಈಗ ಗುಂಡಿನ ಸದ್ದಿನ ನಡುವೆ ಬರೆದ ಸಾಲುಗಳು ಚಿಕ್ಕವು, ನೇರ ಎದೆಗೆ ನಾಟುತ್ತವೆ. ಆದರೆ ಅವುಗಳ ತುಂಬ ಆ ಉದ್ದನೆಯ ಸಿಪಾಯಿ, ನೀವು ಕರೆಯುವ ಆ ಲಂಬು! ಕಂದಕದಲ್ಲಿ ನಿಮ್ಮ ಜೊತೆ ಒಂದೇ ಕಂಬಳಿ ಹೊದೆಯುವವನು ಅವನು. ಮರಗಟ್ಟಿದ ನಿಮ್ಮ ಕೈಗಳನ್ನು ತನ್ನ ಕಂಕುಳಲ್ಲಿಟ್ಟು ಬೆಚ್ಚಗೆ ಮಾಡುವವನೂ ಅವನೇ. ಮೊಳೆಗಳನ್ನು ಹಿಂದುಮುಂದಾಗಿ ಓದುವುದು ನನ್ನ ಕಸುಬು. ಹಾಗೆ ಓದಿದರೂ ನಾನೆಲ್ಲೂ ಸಿಗಲಿಲ್ಲ. ಹೊಟ್ಟೆ ಉರಿಯಿತು. ಹೌದು, ಒಬ್ಬ ಗಂಡಸಿನ ಮೇಲೆ. ನಿಮ್ಮಕ್ಕ ಕೇಳಿ ಬಿದ್ದು ಬಿದ್ದು ನಕ್ಕರು.

ಇದರೊಂದಿಗೆ ಉಣ್ಣೆಯ ಎರಡು ಜೊತೆ ಕಾಲುಚೀಲ ಕಳಿಸಿದ್ದೇನೆ. ಉದ್ದನೆಯದು ಅವನಿಗೆ, ಅವನ ಪಾದ ಕಂಬಳಿಯಾಚೆ ಚಾಚಿರುತ್ತದೆ ಅಂತ ನೀವೇ ಬರೆದಿದ್ದೀರಿ. ಅದನ್ನು ಹಾಕಿಕೊಂಡವನ ಮೇಲೆ ನೀವು ಇನ್ನೊಂದು ಕವನ ಬರೆಯದೆ ಬಿಡುವವರಲ್ಲ. ಹೆಣೆದವಳು ಯಾರು ಅಂತ ಅದರಲ್ಲೊಂದು ಸಾಲು ಇರಲಿ. ಇಲ್ಲದಿದ್ದರೆ ನಾನೇ ಸೇರಿಸುತ್ತೇನೆ, ಮೊಳೆ ಇರುವುದು ನನ್ನ ಕೈಯಲ್ಲಿ.

ನಿಮ್ಮ ಕೈ ಬೆಚ್ಚಗಿರಲಿ. ಸದ್ಯಕ್ಕೆ ಅವನ ಕಂಕುಳಾದರೂ ಸರಿ.

ನಿಮ್ಮ ಹಳೆಯ ಕವನಗಳವಳು