ನಿನ್ನ ಪಿಯೋನಿ, ಅವನ ಉಪಾಯ

ಒಪಾತುವ್
೧೯ ಜೂನ್ ೧೯೯೨, ಶುಕ್ರವಾರ

ನನ್ನ ಗೇನ್ಯಾ,

ಹೇಗಿದ್ದೀಯ? ಮೊಣಕಾಲು ಹೇಗಿದೆ? ಆ ಮಣ್ಣಿನ ಲೇಪದ ಹೆಂಗಸು ಬಿಸಿ ನೋಡಿ ಹಚ್ಚುತ್ತಾಳೋ, ಇಲ್ಲಾ ಗೋಡೆಗೆ ಗಾರೆ ಬಳಿದ ಹಾಗೆ ಬಳಿಯುತ್ತಾಳೋ? ಮಲಗಿದಾಗ ಕಾಲು ಸೆಳೆಯುವುದು ನಿಂತಿತಾ? ಚೆಹೊಚಿನೆಕ್‌ನ ಆರೋಗ್ಯಧಾಮದ ಉಪ್ಪುಗಾಳಿಗೆ ನಿನ್ನ ಕೆಮ್ಮು ಕಡಿಮೆಯಾಗಿರಬೇಕು. ನಾನು ಚೆನ್ನಾಗಿದ್ದೇನೆ. ಊಟದ ಚಿಂತೆ ಬೇಡ. ನೀನು ಮಾಡಿಟ್ಟು ಹೋದ ಬೀಟ್‌ರೂಟ್ ಸಾರು ಮುಗಿದ ಮೇಲೆ ಮೊಟ್ಟೆ, ಮೊಟ್ಟೆ ಬೇಜಾರಾದ ಮೇಲೆ ಮತ್ತೆ ಮೊಟ್ಟೆ. ಅಂಗಡಿ ನಡೆಯುತ್ತಿದೆ. ಮೊಳೆ, ಬೀಗ, ಬಣ್ಣದ ಡಬ್ಬಿಗಳಿಗೆ ಯಜಮಾನಿ ಊರಲ್ಲಿಲ್ಲ ಎಂಬುದು ಗೊತ್ತಾಗುವುದಿಲ್ಲ. ನನಗೆ ಗೊತ್ತಾಗುತ್ತದೆ.

ನಿನ್ನ ಎರಡೂ ಪತ್ರ ಬಂದವು. ತಳ್ಳುಗಾಡಿಯಲ್ಲಿ ಈರುಳ್ಳಿ ಮಾರಿ ಮೇಲೆ ಬಂದವನು ನಾನು. ಬಂದ ಮಾಲನ್ನು ತೂಗದೆ ಒಳಗಿಡುವ ಅಭ್ಯಾಸವಿಲ್ಲ. ಹಾಗಾಗಿ ಪತ್ರವನ್ನೂ ತೂಗಿದೆ. ಮೊಣಕಾಲಿಗೆ ಆರು ಸಾಲು. ಅಡುಗೆಗೆ ಎರಡು. ನನ್ನ ಬಗ್ಗೆ ಒಂದು, ಅದೂ ಕಾಲುಚೀಲ ಬದಲಿಸು ಅಂತ. ಮಿಕ್ಕ ಒಂದೂವರೆ ಪುಟ ಅಲ್ಲಿ ಚಿಕಿತ್ಸೆಗೆ ಬಂದಿರುವ ಪಾನ್ ಹಿಪೊಲಿತ್ ಸಾಹೇಬನಿಗೆ. ಜಾಮೋಶ್ಚ್‌ನಲ್ಲಿ ಅವನಿಗೆ ತೋಟವಿದೆ, ತೋಟದಲ್ಲಿ ನಲವತ್ತು ಜಾತಿಯ ಪಿಯೋನಿ ಹೂಗಳಿವೆ, ಹೆಂಡತಿ ತೀರಿಹೋಗಿ ಐದು ವರ್ಷವಾಯಿತು, ಊಟದ ಮೇಜಿನಲ್ಲಿ ನಿನ್ನ ಎದುರಿಗೇ ಕೂರುತ್ತಾನೆ, ನಗಿಸಿ ನಗಿಸಿ ನಿನ್ನ ಸೂಪು ಆರಿಸುತ್ತಾನೆ. ಇಷ್ಟೆಲ್ಲ ಬರೆದಮೇಲೆ ಎರಡನೆಯ ಪತ್ರದ ಕೊನೆಯಲ್ಲಿ, ಡಾಕ್ಟರು ಇನ್ನೆರಡು ವಾರ ಇದ್ದರೆ ಒಳ್ಳೆಯದು ಅನ್ನುತ್ತಾರೆ, ಇರಲಾ ಬರಲಾ, ನೀನೇ ಹೇಳು ಎಂದು ಕೇಳಿದ್ದೀಯ. ಹೇಳುತ್ತೇನೆ. ಮೊದಲು ತೋಟದ ಸುದ್ದಿ ಕೇಳು.

ನನ್ನ ಐರಿಸ್ ಹೂಗಳು ಈ ವರ್ಷ ಹೇಗೆ ಬಂದವು ಎಂದು ನೀನು ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ, ಚೆನ್ನಾಗಿ ಬಂದವು, ನೀನು ರೈಲು ಹತ್ತಿದ ವಾರದಲ್ಲೇ ಮುಗಿದೂ ಹೋದವು. ಒಣಗಿದ ಕಾಂಡಗಳನ್ನು ಬುಡದಲ್ಲಿ ಕತ್ತರಿಸಿದ್ದೇನೆ, ಎಲೆ ಮುಟ್ಟಿಲ್ಲ. ಜುಲೈ ಕೊನೆಗೆ ಗೆಡ್ಡೆ ಎತ್ತಿ, ಬಿಡಿಸಿ, ಹೊಸ ಸಾಲಿನಲ್ಲಿ ನೆಡಬೇಕು. ಆ ಗಿಡ ನನ್ನ ಹಾಗೆ. ಬೆನ್ನಿಗೆ ಬಿಸಿಲು ಬೀಳುತ್ತಿರಬೇಕು, ಮೇಲೆ ಮಣ್ಣು ಹೊದಿಸಿದರೆ ಕೊಳೆಯುತ್ತದೆ, ಮೂರು ನಾಲ್ಕು ವರ್ಷಕ್ಕೊಮ್ಮೆ ಕಿತ್ತು ಬೇರೆಡೆ ಒಗೆದರೆ ಉತ್ಸಾಹದಿಂದ ಏಳುತ್ತದೆ. ನೀರು ಹಾಕಲು ಮರೆತರೆ ದೂರುವುದಿಲ್ಲ. ನಿನ್ನ ಪಿಯೋನಿಯದು ರಾಣಿಯ ದರ್ಬಾರು. ಮೊಳಕೆಯ ಕಣ್ಣು ಮಣ್ಣಿನಡಿ ಎರಡು ಬೆರಳಷ್ಟೇ ಇರಬೇಕು, ಮೂರಾದರೆ ಬರೀ ಎಲೆ. ಹಸಿಗೊಬ್ಬರ ತಾಗಬಾರದು. ಹೂವಿನ ಭಾರಕ್ಕೆ ತಂತಿಯ ಬಳೆ ತೊಡಿಸಬೇಕು. ಎಲ್ಲಕ್ಕಿಂತ ಮೇಲೆ, ಕೂತಲ್ಲಿಂದ ಎಬ್ಬಿಸಬಾರದು. ಎಬ್ಬಿಸಿದೆವೋ, ವರ್ಷಗಟ್ಟಲೆ ಮುನಿಸು.

ಅದನ್ನು ನನಗೆ ಕಲಿಸಿದವಳು ನೀನೇ. ಮದುವೆಯಾದಾಗ ತವರಿನಿಂದ ಆ ಬುಡವನ್ನು ಗೋಣಿಯಲ್ಲಿ ಸುತ್ತಿ ತಂದಿದ್ದೆ, ಮೂರು ವರ್ಷ ಅದು ಒಂದು ಮೊಗ್ಗು ಕೊಡಲಿಲ್ಲ. ನೀನೂ ಹಾಗೇ ಇದ್ದೆ. ನನ್ನ ಅಮ್ಮನ ಅಡುಗೆಮನೆಯಲ್ಲಿ ತುಟಿ ಬಿಗಿದುಕೊಂಡು ಆಲೂಗಡ್ಡೆ ಸುಲಿಯುತ್ತಿದ್ದೆ. ನಾನು ಸಂತೆಯಲ್ಲಿ ಕಲಿತ ಜೋಕನ್ನೆಲ್ಲ ಸುರಿದರೂ ಒಂದು ನಗು ಹುಟ್ಟುತ್ತಿರಲಿಲ್ಲ. 'ಗಿಡ ಹೊಸಾ ಮಣ್ಣಿಗೆ ಒಗ್ಗೋಕೆ ಟೈಮ್ ಬೇಕು, ಸಿಲ್ವೆಕ್, ಅವಸರ ಮಾಡ್ಬೇಡ' ಅಂದಿದ್ದೆ. ಮಾಡಲಿಲ್ಲ. ಕಾದೆ. ಈಗ ನೋಡಿದರೆ ಚೆಹೊಚಿನೆಕ್‌ನ ಮಣ್ಣಿಗೆ ನೀನು ನಾಲ್ಕೇ ದಿನದಲ್ಲಿ ಒಗ್ಗಿಬಿಟ್ಟಿದ್ದೀಯ, ಸೂಪು ಆರುವಷ್ಟು ನಗುತ್ತಿದ್ದೀಯ. ಆ ಊರಿನ ಮಣ್ಣಿನಲ್ಲಿ ಏನು ಬೆರೆಸುತ್ತಾರೆ ಎಂದು ಪಾನ್ ಹಿಪೊಲಿತ್‌ನನ್ನು ಕೇಳು, ನಾನೂ ಎರಡು ಮೂಟೆ ತರಿಸುತ್ತೇನೆ.

ಪಕ್ಕದ ತೋಟದ ಯೂಲಿಯಾನ್ ಬೇಲಿಗೆ ಆತುಕೊಂಡು ನನ್ನನ್ನು ದಿನವೂ ಹುರಿಯುತ್ತಾನೆ. 'ಹೆಂಡ್ತೀನ ಚೆಹೊಚಿನೆಕ್‌ಗೆ ಕಳ್ಸಿ ಇಲ್ಲಿ ಕಳೆ ಕೀಳ್ತಾ ಕೂತಿದ್ದೀಯಲ್ಲೋ ಮಹರಾಯ! ಅಲ್ಲಿ ಹಗಲೆಲ್ಲಾ ಮಣ್ಣು, ಸಂಜೆಯಾದ್ರೆ ಡ್ಯಾನ್ಸು. ಹೋಗೋವಾಗ ಕೋಲು ಹಿಡ್ಕೊಂಡು ಹೋದೋರು ಬರೋವಾಗ ಕೋಲನ್ನೇ ಮರೆತು ಬರ್ತಾರೆ.' ಇಂಥ ಮಾತಿಗೆ ನಾನು ಕಿವಿಗೊಡುವವನಲ್ಲ ಎಂದು ನಿನಗೆ ಗೊತ್ತು. ಆದರೂ ಅಂದು ಐರಿಸ್ ಸಾಲಿನಲ್ಲಿ ಕಳೆಯ ಜೊತೆ ಎರಡು ಒಳ್ಳೆಯ ಗೆಡ್ಡೆಗಳೂ ಕಿತ್ತು ಬಂದವು.

ಈಗ ಮುಖ್ಯ ಸಂಗತಿ. ಈ ವರ್ಷ ಪರಮಪ್ರಸಾದದ ಹಬ್ಬ ತಡವಾಗಿ ಬಂದಿದ್ದು ನಿನಗೆ ಗೊತ್ತೇ ಇದೆ, ನಿನ್ನೆ ಆಯಿತು. ಕಳೆದ ವಾರ ಬಿಸಿಲು ಹೇಗೆ ಹೊಡೆಯಿತೆಂದರೆ, ನಿನ್ನ ಪಿಯೋನಿಯ ಮೊಗ್ಗೆಲ್ಲ ಒಟ್ಟಿಗೇ ಊದಿಕೊಂಡವು. ಹಬ್ಬಕ್ಕೆ ಮೊದಲೇ ಎಲ್ಲ ಅರಳಿ ಉದುರುವುದು ಖಂಡಿತವಾಗಿತ್ತು. ಅದೇ ಹೊತ್ತಿಗೆ ಕುನೆಗುಂದಾ ಬಂದಳು. ಮೆರವಣಿಗೆಯಲ್ಲಿ ಹೂ ಚೆಲ್ಲುವ ಹೆಣ್ಣುಮಕ್ಕಳನ್ನು ಸಾಲು ನಿಲ್ಲಿಸುವ ದೊರೆಸಾನಿ ಈಗಲೂ ಅವಳೇ. 'ಪಾನ್ ಸಿಲ್ವೆಸ್ಟರ್, ಪ್ರತಿ ವರ್ಷ ಗೇನ್ಯಾ ಬುಟ್ಟಿ ತುಂಬಿಸ್ತಾಳೆ. ಈ ಸಲ ಯಾರನ್ನ ಕೇಳ್ಲಿ?' ಅಂದಳು. ನನ್ನನ್ನೇ ಕೇಳಿ ಅಂದೆ. 'ನಿಮ್ಮ ಐರಿಸ್ ಎಸಳಾದ್ರೆ ಬೇಡಪ್ಪ! ಆ ವರ್ಷ ಕಲ್ಲಿನ ಮೇಲೆ ಲೋಳೆಯಾಗಿ ಪಾದ್ರಿಗಳು ಜಾರಿದ್ದು ಇನ್ನೂ ಮರೆತಿಲ್ಲ' ಅಂದಳು. ಸುತ್ತ ಮೂರು ತೋಟದವರು ನಕ್ಕರು. ನೀನಿದ್ದಿದ್ದರೆ ನೀನೂ ನಗುತ್ತಿದ್ದೆ, ಆದರೆ ಆಮೇಲೆ ನನ್ನ ತೋಳು ಹಿಡಿಯುತ್ತಿದ್ದೆ.

ಬುಟ್ಟಿ ತುಂಬಿಸುತ್ತೇನೆ ಎಂದು ಬಾಯಿಬಿಟ್ಟು ಹೇಳಿಬಿಟ್ಟೆ. ಹೇಳಿದಮೇಲೆ ನೆನಪಾಯಿತು, ನಿನ್ನ ಮೊದಲ ಪತ್ರದಲ್ಲಿ ಹಿಪೊಲಿತ್‌ನ ಉಪಾಯವಿದೆ. ಮೊಗ್ಗು ಬಣ್ಣ ತೋರಿಸಿ, ಬೆರಳಿನಲ್ಲಿ ಒತ್ತಿದರೆ ಹೊಸ ಬನ್ನಿನಂತೆ ಮೆತ್ತಗಾದಾಗ ಕತ್ತರಿಸಬೇಕು. ಎಲೆ ತೆಗೆದು, ಪತ್ರಿಕೆಯಲ್ಲಿ ಸುತ್ತಿ, ನೀರಿಲ್ಲದೆ ಫ್ರಿಜ್ಜಿನಲ್ಲಿ ಮಲಗಿಸಬೇಕು. ಬೇಕಾದಾಗ ತೆಗೆದು ಕಾಂಡದ ತುದಿ ಚೂರು ಕತ್ತರಿಸಿ ನೀರಿಗಿಟ್ಟರೆ ಅರಳುತ್ತದೆ. ಎರಡು ದಿನ ಆ ಪತ್ರವನ್ನು ಡ್ರಾಯರಿನಿಂದ ತೆಗೆಯಲಿಲ್ಲ. ನನ್ನ ಮನೆಯಲ್ಲಿ, ನನ್ನ ಹೆಂಡತಿಯ ಗಿಡಕ್ಕೆ, ಅವನ ಬುದ್ಧಿ! ಮೂರನೆಯ ದಿನ ಅಂಚಿನ ಹೂವೊಂದು ಉದುರಿ ನೆಲವೆಲ್ಲ ಗುಲಾಬಿ ಬಣ್ಣವಾಯಿತು. ಕತ್ತರಿ ತೆಗೆದೆ. ಎಲ್ಲ ಕತ್ತರಿಸಲಿಲ್ಲ, ಬುಡಕ್ಕೆ ಸಾಕಷ್ಟು ಎಲೆ ಬಿಟ್ಟಿದ್ದೇನೆ, ಬೈಯಬೇಡ. ನಿನಗಿಂತ ಹೆಚ್ಚು ಎಚ್ಚರದಿಂದ ಒಂದೊಂದನ್ನೂ ಒತ್ತಿ ನೋಡಿದೆ.

ಫ್ರಿಜ್ಜಿನಿಂದ ಬಿಯರು, ಉಪ್ಪುಮೀನು, ಹುಳಿಹಾಲು ಎಲ್ಲ ಹೊರಗೆ ಹೋದವು. ಮೊಟ್ಟೆಯೂ ಹೊರಗೆ. ಮತ್ತೆ ಬಂದ ಕುನೆಗುಂದಾ ಅದರ ಬಾಗಿಲು ತೆಗೆದು ನೋಡಿ ಎದೆಗೆ ಕೈಯಿಟ್ಟಳು. 'ಅಯ್ಯೋ, ಇದೇನಿದು ಪಾನ್ ಸಿಲ್ವೆಸ್ಟರ್? ಹೂವಿಗೆ ಜ್ವರ ಬಂದಿದ್ಯಾ, ನಿಮಗಾ?' ಅಂದಳು. ನಾನು ಫ್ರಿಜ್ಜಿನ ಬಾಗಿಲು ಮುಚ್ಚಿದೆ. ಬುಧವಾರ ಸಂಜೆ ಬಕೆಟ್ಟುಗಳಲ್ಲಿ ನೀರು ತುಂಬಿ ಎಲ್ಲವನ್ನೂ ನಿಲ್ಲಿಸಿದೆ. ಕಾಂಡ ಸೌಟಿನ ಹಿಡಿಯಂತೆ ಬಿರುಸಾಗಿತ್ತು, ಮೊಗ್ಗುಗಳು ಬಾಡಿದ ಹಾಗೆ ಕಾಣುತ್ತಿದ್ದವು. ಸುಳ್ಳು ಹೇಳುವುದಿಲ್ಲ ಗೇನ್ಯಾ, ಅರಳದೇ ಹೋಗಲಿ ಎಂದು ಒಂದು ಮನಸ್ಸು ಹೇಳಿತು. ಅರಳದಿದ್ದರೆ ನಾನು ಊರ ನಗೆಪಾಟಲಾಗುತ್ತಿದ್ದೆ, ಆದರೆ ಅವನೂ ನಿನ್ನ ಕಣ್ಣಲ್ಲಿ ಸುಳ್ಳನಾಗುತ್ತಿದ್ದ. ಯಾವುದು ಲಾಭ ಎಂದು ಲೆಕ್ಕ ಹಾಕುತ್ತಲೇ ಇದ್ದೆ.

ಬೆಳಗ್ಗೆ ಅಡುಗೆಮನೆಗೆ ಹೋದರೆ ಕಾಲಿಡಲು ಜಾಗವಿಲ್ಲ. ಮೇಜು, ಕಿಟಕಿ, ಒಲೆ, ಎಲ್ಲೆಲ್ಲೂ ಹೂ. ಮುಷ್ಟಿಯಷ್ಟಿದ್ದದ್ದು ಎಲೆಕೋಸಿನಷ್ಟಾಗಿತ್ತು. ಮನೆಯೆಲ್ಲ ನಿನ್ನ ಭಾನುವಾರದ ರವಿಕೆಯ ವಾಸನೆ. ಬುಟ್ಟಿಗಳು ತುಂಬಿದವು, ಮಕ್ಕಳು ಚೆಲ್ಲಿದರು, ಪಾದ್ರಿಗಳು ಒಮ್ಮೆಯೂ ಜಾರದೆ ನಡೆದರು. ಕುನೆಗುಂದಾ ಬೀದಿಗೆಲ್ಲ ಕೇಳುವಂತೆ ಹೇಳಿದಳು: 'ನೋಡಿ, ಗೇನ್ಯಾ ಊರಲ್ಲಿ ಇಲ್ದಿದ್ರೂ ಗೇನ್ಯಾನ ಕೈಗುಣ ಹೇಗಿದೆ!' ಎಲ್ಲರೂ ತಲೆಯಾಡಿಸಿದರು. ಹೊಗಳಿಕೆಯಲ್ಲಿ ಅರ್ಧ ನಿನಗೆ ಬಂತು, ಅರ್ಧ ಜಾಮೋಶ್ಚ್‌ನ ಹಿಪೊಲಿತ್‌ಗೆ ಹೋಗಬೇಕಿತ್ತು. ಬಕೆಟ್ ಹೊತ್ತವನ ಪಾಲಿಗೆ ಸೊಂಟನೋವು. ಎಸಳುಗಳ ಮೇಲೆ ನಡೆಯುವಾಗ, ಆ ಮನುಷ್ಯ ನನ್ನ ಪಕ್ಕದಲ್ಲೇ ಟೋಪಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದಾನೆ ಅನ್ನಿಸಿತು. ಅವನಿಗೆ ನನ್ನ ಧನ್ಯವಾದ ಹೇಳು. ಒಂದೇ ಸಲ ಹೇಳು, ಊಟದ ಮೇಜಿನಲ್ಲಿ, ನಾಲ್ಕು ಜನರ ಎದುರಿಗೆ.

ಇನ್ನೇನು? ಔಷಧಿ ತಪ್ಪಿಸಬೇಡ, ತಣ್ಣೀರಲ್ಲಿ ಕಾಲಿಡಬೇಡ, ಸಂಜೆ ಶಾಲು ಹೊದೆದುಕೋ. ಮಾತೆ ಮರಿಯಮ್ಮ ನಿನ್ನ ಎರಡೂ ಮೊಣಕಾಲುಗಳನ್ನು ಕಾಯಲಿ. ಯೂಲಿಯಾನನೂ ಕುನೆಗುಂದಾಳೂ ನಿನ್ನನ್ನು ಕೇಳಿದರು ಎಂದು ತಿಳಿಸಲು ಹೇಳಿದ್ದಾರೆ.

ಕಾಲುಚೀಲ ಬದಲಿಸಿದ
ನಿನ್ನ ಸಿಲ್ವೆಕ್

ತಾ.ಕ.: ಅಂಚೆಡಬ್ಬಿ ತೆಗೆಯುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ನೀನು ಕೇಳಿದ್ದಕ್ಕೆ ಉತ್ತರ: ಇರು, ಇನ್ನೆರಡು ವಾರ ಇರು, ಕಾಲು ಪೂರ್ತಿ ವಾಸಿಯಾಗಲಿ. ಪಿಯೋನಿ ಮುಗಿಯಿತು, ಐರಿಸ್‌ಗೆ ನೀರು ಬೇಡ, ಅಂಗಡಿಯ ಬೀಗದ ಕೈ ಯೂಲಿಯಾನ್‌ಗೆ ಕೊಟ್ಟಿದ್ದೇನೆ. ನಿನ್ನೆಯಿಂದ ನನಗೂ ಮೊಣಕಾಲು ನೋವು, ಎರಡೂ. ಬರುವ ಬುಧವಾರ ಮಧ್ಯಾಹ್ನದ ರೈಲಿಗೆ ಅಲ್ಲಿರುತ್ತೇನೆ. ಕುಣಿಯಲು ಬಾರದು, ಅದು ನಿನಗೆ ಗೊತ್ತು. ಆದರೆ ಕೂರಲು ಚೆನ್ನಾಗಿ ಬರುತ್ತದೆ. ಊಟದ ಮೇಜಿನಲ್ಲಿ ನಿನ್ನ ಎದುರಿನ ಕುರ್ಚಿಯಿಂದ ಒಂದು ಕುರ್ಚಿಯಾಚೆ ಸರಿಯಲು ಪಾನ್ ಹಿಪೊಲಿತ್‌ಗೆ ಈಗಲೇ ಹೇಳಿಡು. ಅವನು ಪಿಯೋನಿಯಲ್ಲ, ಎಬ್ಬಿಸಿದರೆ ಏನೂ ಆಗುವುದಿಲ್ಲ.