ಇಪ್ಪತ್ತು ನ್ಯಾನೋಮೀಟರಿನ ತಂತಿ

ಕೊಡಿಗೇಹಳ್ಳಿ,
ಭಾನುವಾರ

ಜಗನ್,

'ಪ್ರಿಯ' ಅಂತ ಬರೆದು ಹೊಡೆದುಹಾಕಿದೆ. ನಿನ್ನ ಪಿಎಚ್‌ಡಿ ಪ್ರಬಂಧ ತಲುಪಿತು. ಕೃತಜ್ಞತೆಯ ಪುಟದಲ್ಲಿ ನನಗೂ ಅರ್ಧ ಸಾಲು ಇದೆ, 'ಧನಲಕ್ಷ್ಮಿಯ ಸ್ನೇಹಕ್ಕೆ' ಎಂದು. ಪೂರ್ತಿ ಸಾಲು ಬರೆದಿದ್ದರೆ ನಿನ್ನ ಗಂಟೇನೂ ಹೋಗುತ್ತಿರಲಿಲ್ಲ. ಜೊತೆಗೆ ಫೋನಿನಲ್ಲಿ ನಿನ್ನ ಸಂದೇಶ: "ಧನೂ, ಹಳೇ ನೋಟ್‌ಬುಕ್ ನಿನ್ ಹತ್ರ ಇದ್ರೆ ಕೊಡೇ, ಎಕ್ಸಾಮಿನರ್ ಫಸ್ಟ್ ರೀಡಿಂಗ್ ಕೇಳ್ತಿದಾರೆ."

ಕರೆಂಟಿನ ಆ ಮೊದಲ ರೀಡಿಂಗ್ ತೆಗೆದವಳು ನಾನು. ಯಶವಂತಪುರದ ನಮ್ಮ ಲ್ಯಾಬಿನಲ್ಲಿ, ತಲೆಗೂದಲಿಗಿಂತ ಸಾವಿರಾರು ಪಟ್ಟು ಸಣ್ಣದಾದ ಸಿಲಿಕಾನ್ ತಂತಿಗಳ ಮೇಲೆ. ದಪ್ಪ ಅರ್ಧವಾದರೆ ಕರೆಂಟು ಕಾಲು ಭಾಗವಾಗಬೇಕು. ನೂರು ನ್ಯಾನೋಮೀಟರಿನಿಂದ ಐವತ್ತಕ್ಕೆ ಇಳಿದಾಗ ಲೆಕ್ಕ ಸರಿಹೋಯಿತು. ಇಪ್ಪತ್ತು ನ್ಯಾನೋಮೀಟರಿನ ಮೂರು ತಂತಿಗಳಲ್ಲಿ ಮಾತ್ರ ಕರೆಂಟೇ ಇಲ್ಲ. ನೀನು ಇಣುಕಿ ನೋಡಿ, "ಸ್ಟ್ರಾಪ್ ಹಾಕಿರ್ಲಿಲ್ಲ ತಾನೇ? ಸುಟ್ಟೋಗಿದೆ ಕಣೇ" ಅಂದೆ. ಮಣಿಕಟ್ಟಿಗೆ ಕಟ್ಟುವ ಆ ಪಟ್ಟಿಯಿಲ್ಲದೆ ಮುಟ್ಟಿದರೆ ನಮ್ಮ ಮೈಯ ಸ್ಥಿರವಿದ್ಯುತ್ತೇ ತಂತಿಯನ್ನು ಸುಟ್ಟುಬಿಡುತ್ತದೆ. ಹಾಕಿದ್ದೆನೋ ಇಲ್ಲವೋ, ನನಗೇ ಅನುಮಾನ ಬಂತು. ನನ್ನ ಮೇಲೆ ನನಗಿಲ್ಲದ ನಂಬಿಕೆ ನಿನ್ನ ಮೇಲಿತ್ತು. 'ನನ್ನಿಂದ ಸುಟ್ಟಿವೆ' ಎಂದು ನೋಟ್‌ಬುಕ್ಕಿನಲ್ಲಿ ಕೈಯಾರೆ ಬರೆದೆ. ಅದನ್ನೋದಿದ ಗೈಡ್ ವಿರೂಪಾಕ್ಷ ಸರ್, "ಮೂರು ತಿಂಗಳ ಕೆಲಸ ಹಾಳ್ಮಾಡಿದ್ರಲ್ಲಮ್ಮ" ಅಂದರು. ನನ್ನ ಫೆಲೋಶಿಪ್ ಅಲ್ಲಿಗೆ ನಿಂತಿತು, ಲ್ಯಾಬು ಬಿಡಬೇಕಾಯಿತು.

ಮನೆಯಲ್ಲಿ ಅಮ್ಮ, "ವೈರ್ ಸುಟ್ಟೋದ್ರೆ ಇನ್ನೊಂದ್ ತಂದ್ ಹಾಕ್ಕೋ, ಅದಕ್ಯಾಕೆ ಇಂಗ್ ಅಳ್ತೀಯ?" ಅಂದಳು. ಎರಡು ವರ್ಷದಿಂದ ಬ್ಯಾಟರಾಯನಪುರದ ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೇನೆ. ಪ್ರಯೋಗ ಇದ್ದ ದಿನ ಈಗಲೂ ಮೀಟರನ್ನು ನಾನು ಮುಟ್ಟುವುದಿಲ್ಲ, ಹುಡುಗರ ಕೈಗೇ ಕೊಡುತ್ತೇನೆ.

ತಂತಿಗಳು ಸುಟ್ಟೇ ಇರಲಿಲ್ಲ ಎಂದು ನಿನ್ನ ನಾಲ್ಕನೇ ಅಧ್ಯಾಯ ಈಗ ಹೇಳುತ್ತಿದೆ. ಅಷ್ಟು ಸಣ್ಣ ತಂತಿಯಲ್ಲಿ ಒಳಗು ಅನ್ನುವುದೇ ಇಲ್ಲ, ಎಲ್ಲವೂ ಮೇಲ್ಮೈಯ ಪಕ್ಕದಲ್ಲೇ. ಅಲ್ಲಿನ ದೋಷಗಳು ಎಲೆಕ್ಟ್ರಾನುಗಳನ್ನು ಹಿಡಿದಿಟ್ಟುಕೊಂಡರೆ ಹರಿಯಲು ಏನೂ ಉಳಿಯುವುದಿಲ್ಲ. ತಂತಿಯ ಮೇಲೆ ಬೆಳಕು ಹಾಯಿಸಿದರೆ ಹೊಸ ಎಲೆಕ್ಟ್ರಾನುಗಳು ಬಿಡುಗಡೆಯಾಗಿ ಕರೆಂಟು ಹರಿಯುತ್ತದೆ. ನಿಜವಾಗಿ ಸುಟ್ಟ ತಂತಿ ಯಾವ ಬೆಳಕಿಗೂ ಜಗ್ಗುವುದಿಲ್ಲ. ಚೆನ್ನಾಗಿ ಬರೆದಿದ್ದೀಯ. ಓದುತ್ತಾ ಖುಷಿಯಾಯಿತು, ಆ ಖುಷಿಗೇ ಹೊಟ್ಟೆ ಇನ್ನಷ್ಟು ಉರಿಯಿತು.

ಆಮೇಲೆ, ನನ್ನ ಅದೇ ಮೂರು ತಂತಿಗಳ ಮೇಲೆ ಬೆಳಕು ಹಾಯಿಸಿ ತೆಗೆದ ಗ್ರಾಫಿನ ಕೆಳಗಿನ ದಿನಾಂಕ ಕಣ್ಣಿಗೆ ಬಿತ್ತು. ಎರಡು ವರ್ಷದ ಹಿಂದಿನ ಫೆಬ್ರವರಿ ಹದಿನೇಳು. ನಾನು ಲ್ಯಾಬು ಬಿಟ್ಟದ್ದು ಅದೇ ತಿಂಗಳ ಇಪ್ಪತ್ತೆಂಟಕ್ಕೆ. ಹನ್ನೊಂದು ದಿನ ನಿನಗೆ ಗೊತ್ತಿತ್ತು, ಜಗನ್. ದಿನಾ ಒಟ್ಟಿಗೆ ಕೂತು ಉಂಡೆವು. ಕೊನೆಯ ದಿನ ನನ್ನ ಪುಸ್ತಕಗಳನ್ನು ಬೈಕಿನ ಮೇಲಿಟ್ಟುಕೊಂಡು ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಮನೆವರೆಗೂ ತಂದುಕೊಟ್ಟೆ. "ಬೇಜಾರ್ ಮಾಡ್ಕೋಬೇಡ ಕಣೇ, ಎಲ್ರಿಗೂ ಆಗುತ್ತೆ" ಅಂತ ಸಮಾಧಾನ ಬೇರೆ. ಅಮ್ಮ ನಿನಗೆ ಬಿಸಿ ಮುದ್ದೆ ಬಡಿಸಿದಳು. ನೀನು ಒಂದು ಮಾತು ಆಡಿದ್ದರೆ ನಾನು ಉಳಿಯುತ್ತಿದ್ದೆ. ನಾನು ಉಳಿದಿದ್ದರೆ ಆ ಅಧ್ಯಾಯ ನಿನ್ನದಾಗುತ್ತಿರಲಿಲ್ಲ.

ನೋಟ್‌ಬುಕ್ ನನ್ನ ಹತ್ತಿರವೇ ಇದೆ. ಕೊರಿಯರ್ ಮಾಡುವುದಿಲ್ಲ. ಗುರುವಾರದ ನಿನ್ನ ವೈವಾ ಪರೀಕ್ಷೆಗೆ ಯಾರು ಬೇಕಾದರೂ ಬರಬಹುದು, ಕೊನೆಗೆ ಸಭಿಕರೂ ಪ್ರಶ್ನೆ ಕೇಳಬಹುದು, ಅದು ಪದ್ಧತಿ. ನಾನೇ ತರುತ್ತೇನೆ. ಸರ್ ಮುಂದಿನ ಸಾಲಿನಲ್ಲಿ ಇರುತ್ತಾರೆ. ಎದ್ದು ನಿಂತು ಆ ಹನ್ನೊಂದು ದಿನಗಳ ಬಗ್ಗೆ ಕೇಳುತ್ತೇನೆ. ಅದಕ್ಕೆ ಮೊದಲೇ ಫೋನ್ ಮಾಡಿ ನನ್ನ ಹತ್ತಿರ ಅಳಬೇಡ. ಉತ್ತರವನ್ನು ಅವರೆದುರಿಗೇ ಹೇಳು.

ನಿನಗೆ ಒಳ್ಳೆಯದಾಗಲಿ ಎಂದು ಹರಸುವಷ್ಟು ದೊಡ್ಡ ಮನಸ್ಸು ಇವತ್ತು ನನಗಿಲ್ಲ. ಬಾಯಿ ಬಿಡುವಷ್ಟು ಧೈರ್ಯ ಬರಲಿ, ಅಷ್ಟೇ.

ಇಂತಿ,
ಧನಲಕ್ಷ್ಮಿ