ಹಿಂಬದಿ ಇಲ್ಲದ ಗೌನುಗಳು

ಅಲ್ ಬರ್ಷಾ, ದುಬೈ
೧೪ ನವೆಂಬರ್ ೨೦೨೫

ಮುದ್ದು ನಾಫಿಯಾ,

ಅಸ್ಸಲಾಮು ಅಲೈಕುಂ. ಬನಿಯಾಸಿನ ಹೊಸ ಫ್ಲ್ಯಾಟಿನಲ್ಲಿ ನೀನೂ ಅಳಿಯ ಅನ್ಸಿಫನೂ ಸುಖವಾಗಿದ್ದೀರೆಂದು ನಂಬಿದ್ದೇನೆ. ಫೋನಿನಲ್ಲಿ ಹೇಳಹೊರಟರೆ ನೀನು ನಡುವೆಯೇ "ಇಟ್ಸ್ ಓಕೆ ಉಮ್ಮಾ" ಅಂದುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಕಳೆದ ತಿಂಗಳು ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ನಮ್ಮ ಹೊಲಿಗೆ ಫ್ಯಾಕ್ಟರಿಗೆ ಒಂದು ಶಾಲೆಯ ನಾಟಕದ ಆರ್ಡರ್ ಬಂತು. ಇನ್ನೂರು ವರ್ಷಗಳ ಹಿಂದಿನ ಪ್ಯಾರಿಸ್ ಹೆಂಗಸರ ಹನ್ನೆರಡು ಗೌನು. ಮಾಲಕ ಫಿಡೆಲಿಸ್ ಆ ಕಾಲದ ಫ್ಯಾಶನ್ ಪತ್ರಿಕೆಗಳ ಚಿತ್ರಗಳನ್ನು ಪ್ರಿಂಟ್ ಮಾಡಿ ತಂದು, "ಹಫೀಝಕ್ಕ, ಇದನ್ನು ನೋಡಿ ಕಟಿಂಗ್ ಮಾಡ್ಲಿಕ್ಕೆ ಆಗ್ತದಾ?" ಎಂದರು. ಎಲ್ಲವೂ ಮುಂದಿನಿಂದ ಬಿಡಿಸಿದವು. ಹಿಂಬದಿಯನ್ನು ಯಾರಾದರೂ ಊಹಿಸಿ ಬಿಡಿಸಬೇಕಿತ್ತು. ನಾನು ಪೆನ್ಸಿಲ್ ಕೇಳಿದೆ.

ನಿನಗೆ ಗೊತ್ತಿಲ್ಲ, ಮದುವೆಗೆ ಮುಂಚೆ ನಾನು ಚಿತ್ರ ಬಿಡಿಸುತ್ತಿದ್ದೆ. ಹೆಂಗಸರ ಮೈ ಬಿಡಿಸುವ ಹುಡುಗಿಗೆ ಒಳ್ಳೆಯ ಸಂಬಂಧ ಬರುವುದಿಲ್ಲವೆಂದು ನನ್ನುಮ್ಮ ನನ್ನ ಚಿತ್ರದ ಪುಸ್ತಕವನ್ನು ಒಲೆಗೆ ಹಾಕಿದರು. ನಾನು ಎದುರಾಡಲಿಲ್ಲ.

ಪ್ಯಾರಿಸಿನ ಆ ಹೆಂಗಸರನ್ನು ನೀನು ನೋಡಬೇಕಿತ್ತು. ಎದೆಯ ಕೆಳಗೇ ಕಟ್ಟಿದ ಪಟ್ಟಿ, ಅಲ್ಲಿಂದ ನೆಲದವರೆಗೆ ತೆಳು ಬಿಳಿ ಮಸ್ಲಿನ್. ಹಳೆಯ ಗ್ರೀಕ್ ಶಿಲ್ಪಗಳಂತೆ ಕಾಣಬೇಕಂತೆ, ಚಳಿಗಾಲದಲ್ಲೂ! ತೊಡದಿದ್ದರೆ ಹಳೆಕಾಲದವಳು, ತೊಟ್ಟರೆ ನಾಚಿಕೆಗೆಟ್ಟವಳು. ಒಬ್ಬಳ ಮಡಿಲಲ್ಲಿ ಮಗು. ಅಷ್ಟರ ಮೇಲೆ ಒಳ್ಳೆಯ ತಾಯಿಯಾಗಿಯೂ ಕಾಣಬೇಕು. ನಮ್ಮೂರಿನ ಹಾಗೆ ಇವರಿಗೂ ಹೆಂಗಸರಿಗೆ ಬುದ್ಧಿ ಹೇಳುವ ಒಂದು ಜಮಾಅತ್ ಇತ್ತೇನೋ ಎಂದುಕೊಂಡು ಒಬ್ಬಳೇ ನಕ್ಕೆ.

ನಗು ನಿಂತಾಗ ನೀನು ನೆನಪಾದೆ. ನೀನು ಹನ್ನೆರಡನೇ ತರಗತಿ ಮುಗಿಸಿ ಫ್ಯಾಶನ್ ಚಿತ್ರಕಲೆಯ ಕೋರ್ಸಿಗೆ ಫಾರ್ಮ್ ತಂದಿದ್ದೆ. ಅಬ್ಬ ಒಪ್ಪಲಿಲ್ಲವೆಂದು ನಾನು ಹೇಳಿದಾಗ ಅದನ್ನು ಮಡಚಿಟ್ಟೆ, ಮತ್ತೆ ಆ ಮಾತೆತ್ತಲಿಲ್ಲ. ಅಂದಿನಿಂದ ಅಬ್ಬನ ಜೊತೆ ನಿನ್ನ ಮಾತೂ ಕಡಿಮೆಯಾಯಿತು.

ಒಂದು ಸಂಜೆ ಕೆಲಸ ಮುಗಿಯದೆ ಚಿತ್ರಗಳನ್ನು ಮನೆಗೆ ತಂದಿದ್ದೆ. ಊಟದ ಮೇಜಿನ ಮೇಲಿದ್ದುದನ್ನು ಅಬ್ಬ ನೋಡಿಬಿಟ್ಟರು. ನಾನು ಬೇಗಬೇಗ ತೆಗೆದಿಡಲು ಹೋದೆ. ಅವರು ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು, "ಇದು ನೀನು ಬಿಡಿಸಿದ್ದಾ? ಇಷ್ಟು ವರ್ಷ ಯಾಕೆ ಮಾಡ್ಲಿಲ್ಲ ಮಾರಾಯ್ತಿ?" ಎಂದು ಕೇಳಿದರು. ಚಾ ಮಾಡಲು ಒಳಗೆ ಹೋದೆ.

ಮೊನ್ನೆ ನಾಟಕವಾಯಿತು. ಹುಡುಗಿಯರು ತಿರುಗಿ ನಡೆದಾಗ ಬೆನ್ನಿನ ನೆರಿಗೆಗಳು ನಾನು ಬಿಡಿಸಿದ ಹಾಗೆಯೇ ಬಿದ್ದವು. ಫಿಡೆಲಿಸ್, "ಇನ್ನು ಕತ್ತರಿ ಖಲಾಸ್ ಹಫೀಝಕ್ಕ, ನೀವು ಡಿಸೈನ್ ಟೇಬಲ್‌ಗೆ ಬನ್ನಿ" ಎಂದರು. ನಲವತ್ತೊಂಬತ್ತರಲ್ಲಿ ನನಗೆ ಬೆಳಗಾದರೆ ಕೆಲಸಕ್ಕೆ ಹೊರಡುವ ಅವಸರ, ನಂಬುತ್ತೀಯಾ?

ನಿನ್ನ
ಉಮ್ಮ ಹಫೀಝಾ

ಮ.ವಿ.: ಆ ಕೋರ್ಸಿನ ಬಗ್ಗೆ ನಾನು ಅಬ್ಬನನ್ನು ಕೇಳಿಯೇ ಇರಲಿಲ್ಲ ಮಗಳೇ. ಬೇಡವೆಂದದ್ದು ನಾನು. ನಿನ್ನೆ ಅವರಿಗೂ ಹೇಳಿದೆ. ಅವರು "ಹಾಗಾದ್ರೆ ಅವಳ ಸಿಟ್ಟು ಅದಕ್ಕಾ?" ಎಂದಷ್ಟೇ ಕೇಳಿದರು. ಆ ಸಿಟ್ಟು ಇನ್ನು ನನ್ನ ಮೇಲಿರಲಿ. ಶುಕ್ರವಾರ ಮಧ್ಯಾಹ್ನ ಅವರು ಮನೆಯಲ್ಲಿರುತ್ತಾರೆ, ಒಂದು ಫೋನ್ ಮಾಡು.